ಕಣ್ಣಿಗೆ ತಕ್ಕ ಚೆಂಡು

ಪಿಂಗ್‌ಪಾಂಗಿನ ಚೆಂಡು ದೊಡ್ಡ ನೆಲ್ಲಿಕಾಯಿಯಷ್ಟು, ಕ್ರಿಕೆಟ್ಟಿನದು ಮೋಸಂಬಿಯಷ್ಟು, ಫುಟ್‌ಬಾಲಿನದು ಸಾಧಾರಣ ಕುಂಬಳಕಾಯಿಯಷ್ಟು. ಚೆಂಡು ಚಿಕ್ಕದಾದಷ್ಟೂ ಆಡುವವರ ಗತ್ತು ದೊಡ್ಡದು ಎಂಬುದು ಧಾರವಾಡದ ಬಯಲುಗಳಲ್ಲಿ ನಾನು ಕಂಡುಕೊಂಡ ಸಿದ್ಧಾಂತ. ನಗಬೇಡಿ, ಓದುಗ ಮಿತ್ರರೇ. ಈ ತಾರತಮ್ಯವನ್ನು ನಾನು ಕಲಿತದ್ದು ಗ್ರಂಥಗಳಿಂದಲ್ಲ, ಒಂದೊಂದೇ ಚೆಂಡು ನನ್ನ ಕಣ್ಣಿಗೆ ಮರೆಯಾದ ಕ್ರಮದಿಂದ.

ಮೊದಲು ಹೋದದ್ದು ಪಿಂಗ್‌ಪಾಂಗಿನದು. ಕ್ಲಬ್ಬಿನ ಮೇಜಿನ ಮೇಲೆ ಟಕಟಕ ಸದ್ದು ಕೇಳುತ್ತಿತ್ತು, ಚೆಂಡು ಕಾಣುತ್ತಿರಲಿಲ್ಲ. ಸೋತವರೆಲ್ಲ ಮಾಡುವಂತೆ ನಾನೂ ಗ್ಯಾಸ್‌ಬತ್ತಿಯನ್ನು ಬೈದೆ. ಹುಬ್ಬಳ್ಳಿಯ ಡಾಕ್ಟರು ಮಾತ್ರ ಬತ್ತಿಯ ಮೇಲೆ ತಪ್ಪು ಹೊರಿಸಲಿಲ್ಲ. “ಕಣ್ಣಿನ ನರ ಒಣಗಾಕತ್ತಾವ್ರಿ ಮಾಸ್ತರ. ಇದಕ್ಕ ಔಷಧ ಇಲ್ಲ,” ಎಂದರು.

ನಮ್ಮ ಸಾಲೆಯ ಹಳೆಯ ವಿದ್ಯಾರ್ಥಿಗಳು ಶನಿವಾರ ಶನಿವಾರ ಆಡುವ ಕ್ರಿಕೆಟ್ಟಿಗೆ ನಾನೇ ಅಂಪೈರು. ಮೋಸಂಬಿಯೂ ಮಾಯವಾದ ಮೇಲೆ ಅವರು ನನ್ನನ್ನು ಆ ಕೆಲಸದಿಂದ ಬಿಡಿಸಲಿಲ್ಲ. ಕಲಿಸಿದ ಮಾಸ್ತರರ ಮೋರೆಗೆ ‘ನಿಮಗೆ ಕಾಣುವುದಿಲ್ಲ’ ಎನ್ನುವ ಪದ್ಧತಿ ನಮ್ಮ ಊರಲ್ಲಿಲ್ಲ. ಬೌಲರ್ ಬಾಬುಸಾಬ ಔಟೆಂದು ಗಂಟಲು ಹರಿಯುವಂತೆ ಕೂಗಿ, ಆಮೇಲೆ ಬೆವರು ಒರೆಸುವ ನೆಪದಲ್ಲಿ ಬಳಿಗೆ ಬಂದು, “ಔಟ್ ಇಲ್ರಿ ಸರ,” ಎಂದು ಪಿಸುಗುಟ್ಟುತ್ತಿದ್ದ. ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ನನ್ನ ನಿಷ್ಪಕ್ಷಪಾತದ ಕೀರ್ತಿ ಅತ್ತ ಹುಬ್ಬಳ್ಳಿಯ ಕೇಶ್ವಾಪುರದವರೆಗೂ ಹಬ್ಬಿತಂತೆ.

ಒಂದು ಶನಿವಾರ ಬಾಬುಸಾಬನೇ ಮಾತು ತೆಗೆದ. “ಕ್ರಿಕೆಟ್ ಬ್ಯಾಸರಾತ್ರಿ ಸರ. ಫುಟ್‌ಬಾಲ್ ಆಡೂಣು. ನೀವ ರೆಫ್ರಿ ಆಗ್ರಿ.”

ಅವರಿಗೆ ಬೇಸರವಾಗಿರಲಿಲ್ಲ. ನನಗಾಗಿ ಇಡೀ ತಂಡ ತನ್ನ ಪ್ರೀತಿಯ ಆಟವನ್ನೇ ಬಿಟ್ಟುಕೊಟ್ಟಿತ್ತು. ಅದು ತಿಳಿದೂ ತಿಳಿಯದವನಂತೆ ನಾನು ಸೀಟಿ ಕೊರಳಿಗೆ ಹಾಕಿಕೊಂಡೆ. ಬಯಲು ಬಿಟ್ಟು ಮನೆಯಲ್ಲಿ ಕೂತರೆ ಕತ್ತಲೆಯ ಜೊತೆ ನಾನೊಬ್ಬನೇ ಎಂಬ ಭಯ ನನಗೆ. ಒಂದು ಮಳೆಗಾಲ ಕಳೆಯುವವರೆಗೆ ಆ ಕಂದು ಮುದ್ದೆ ಅತ್ತಿತ್ತ ಉರುಳುವುದು ಹೇಗೋ ಕಾಣುತ್ತಿತ್ತು.

ಮೊನ್ನೆ ಆಟದ ನಡುವೆ ಕಾಲುಗಳ ಸಪ್ಪಳವೆಲ್ಲ ಒಮ್ಮೆಲೇ ನಿಂತಿತು. ಎಲ್ಲರೂ ಏನನ್ನೋ ಕಾಯುತ್ತಿದ್ದರು. ನಾನೂ ಕಾದೆ. ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ: “ಬಾಬು, ಚೆಂಡು ಎಲ್ಲಿ?”

ಅವನು ಬಳಿಗೆ ಬಂದು ಮೆಲ್ಲಗೆ ಹೇಳಿದ: “ನಿಮ್ಮ ಕಾಲ ಮುಂದನ ಐತ್ರಿ ಸರ.”

ಬಗ್ಗಿ ನೆಲ ತಡವಿದೆ, ಸಿಕ್ಕಿತು. ಯಾರೂ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಆಟ ಅಲ್ಲಿಗೇ ಮುಗಿಯಿತು. ಮುಂದಿನ ಶನಿವಾರ ಏನು ಆಡುವುದೆಂದು ಹುಡುಗರು ದೂರದಲ್ಲಿ ನಿಂತು ಮೆಲುದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಫುಟ್‌ಬಾಲಿಗಿಂತ ದೊಡ್ಡ ಚೆಂಡಿನ ಆಟ ನಮ್ಮ ಧಾರವಾಡದಲ್ಲಿ ಯಾರಿಗೂ ಬರುವುದಿಲ್ಲ.