ಎರಡೇ ಸೀಟಿನ ಕಾರು

ಸ್ಪೋರ್ಟ್ಸ್ ಕಾರನ್ನು ಲಕ್ಷುರಿ ಕಾರು ಅನ್ನಬಹುದೇ ಎಂದು ಯಾರಾದರೂ ನನ್ನ ಮುಂದೆ ಮಾತು ತೆಗೆದರೆ ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತೇನೆ. ಹುಣಸೂರಿನ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಶನಿವಾರ ಬಂತೆಂದರೆ ಈ ಚರ್ಚೆ ತಪ್ಪಿದ್ದಲ್ಲ. ಬೆಂಗಳೂರಿನಿಂದ ಕೊಡಗಿಗೆ ಹೋಗುವ ಕೆಂಪು, ಹಳದಿ ಕಾರುಗಳು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಗುಡುಗುತ್ತ ಹೋಗುತ್ತವೆ. 'ಅಷ್ಟು ದುಡ್ಡು ಸುರ್ದ ಮ್ಯಾಲೆ ಲಕ್ಷುರಿ ಅಲ್ದೆ ಇನ್ನೇನ್ಲಾ?' ಎಂದು ಒಬ್ಬ ಡ್ರೈವರ್. 'ಸೊಂಟ ಮುರ್ಕಂಡು ಕೂರೋದು ಯಾವ ಸೀಮೆ ಲಕ್ಷುರಿ ಕಣ್ಲಾ?' ಎಂದು ಇನ್ನೊಬ್ಬ. ಇಬ್ಬರೂ ಅಂಥ ಕಾರಿನ ಬಾಗಿಲು ಮುಟ್ಟಿದವರಲ್ಲ. ನಾನು ಮುಟ್ಟಿದ್ದೇನೆ. ಅಕ್ಕನ ಮಗಳನ್ನು ಅದರೊಳಗೆ ಕೂರಿಸಿ ಬಾಗಿಲು ಹಾಕಿದವನು ನಾನೇ.

ನನ್ನದು ಮದುವೆ ಕಾರು. ಮೈಸೂರಿನ ಡಾಕ್ಟರೊಬ್ಬರು ಓಡಿಸಿ ಸಾಕಾಗಿ ಮಾರಿದ್ದ, ಉದ್ದನೆಯ ಬಿಳಿ ಫಾರಿನ್ ಕಾರು. ವಯಸ್ಸಾಗಿದೆ, ಆದರೆ ಹಿಂದಿನ ಸೀಟಿನಲ್ಲಿ ಮೂರು ಜನ ಹೆಂಗಸರು ರೇಷ್ಮೆ ಸೀರೆ ಸುಕ್ಕಾಗದ ಹಾಗೆ ಕೂರಬಹುದು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ಸುತ್ತಮುತ್ತಲ ಎಷ್ಟೋ ಹೆಣ್ಣುಮಕ್ಕಳನ್ನು ಗಂಡನ ಮನೆ ಮುಟ್ಟಿಸಿದ್ದೇನೆ. ಎಲ್ಲರೂ ಅಳುವವರೇ. ಕೋಟೆಯಿಂದ ಹೊರಟ ಹೆಣ್ಣು ಹಂಪಾಪುರದವರೆಗೆ ಅಳುತ್ತದೆ. ಪಿರಿಯಾಪಟ್ಟಣದ್ದು ಬೈಲಕುಪ್ಪೆ ಬರುವ ಹೊತ್ತಿಗೆ ಮೂಗು ಒರೆಸಿಕೊಂಡು ನೀರು ಕೇಳುತ್ತದೆ. ಕನ್ನಡಿಯಲ್ಲಿ ಹಿಂದೆ ನೋಡಬಾರದು ಅನ್ನುವುದು ನಾನೇ ಮಾಡಿಕೊಂಡ ಕಟ್ಟುಪಾಡು. ಮದುವಣಗಿತ್ತಿಯನ್ನು ಒಂಟಿಯಾಗಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಪಕ್ಕದಲ್ಲಿ ತವರಿನ ಹೆಂಗಸೊಬ್ಬಳು ಇರುತ್ತಾಳೆ, ಚಿಕ್ಕಮ್ಮನೋ ಅತ್ತೆಯೋ. ಅವರಿಬ್ಬರೂ ಏನೇನೋ ಪಿಸುಗುಟ್ಟಿಕೊಳ್ಳುತ್ತಾರೆ. ಅದು ಡ್ರೈವರಿಗೆ ಸೇರಿದ್ದಲ್ಲ.

ಈ ಕಥೆಗಳನ್ನೆಲ್ಲ ಮನೆಯಲ್ಲಿ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿ ನಗಿಸುತ್ತಿದ್ದೆ. ಭಾವ ತೀರಿಕೊಂಡ ಮೇಲೆ ಅಕ್ಕ ಪುಟ್ಟ ಮಗಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದಿದ್ದಳು. ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪು ವಿಂಗಡಿಸುವ ಕೆಲಸಕ್ಕೆ ಹೋಗುವಳು, ಉಳಿದ ದಿನ ರವಿಕೆ ಹೊಲಿಯುವಳು. ಹಾಗೇ ಮಗಳನ್ನು ಡಿಗ್ರಿಯವರೆಗೆ ಓದಿಸಿದಳು. ಮಿರ್ಲೆಯಿಂದ ಒಳ್ಳೆಯ ಸಂಬಂಧ ಬಂತು, ಹುಡುಗಿಯೂ ಒಪ್ಪಿದಳು. ಲಗ್ನಪತ್ರಿಕೆ ಅಚ್ಚಿಗೆ ಹೋದ ವಾರವೇ ಅಕ್ಕನ ಹೊಟ್ಟೆನೋವಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಹೆಸರು ಸಿಕ್ಕಿತು. ಕ್ಯಾನ್ಸರ್. ತುಂಬಾ ಹಬ್ಬಿದೆ, ಕೊಯ್ದು ಪ್ರಯೋಜನವಿಲ್ಲ ಎಂದರು.

ಮನೆಗೆ ವಾಪಸು ಬಂದು ಬಾಗಿಲ ಮುಂದೆ ಕಾರು ನಿಲ್ಲಿಸಿದರೂ ನಾವಿಬ್ಬರೂ ಇಳಿಯಲಿಲ್ಲ. ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಅಕ್ಕ ಅಳಲಿಲ್ಲ.

'ಮಗೀಗೆ ಈಗ್ಲೇ ಹೇಳ್ಬ್ಯಾಡ ಕಣ್ಲಾ. ಹೇಳುದ್ರೆ ಮದುವೇನೇ ಬ್ಯಾಡ ಅಂತಾಳೆ.'

'ಇನ್ಯಾವಾಗ ಹೇಳೋದಕ್ಕಾ?'

'ಮದುವೆ ಆಗ್ಲಿ. ನಿನ್ನ ಕಾರಲ್ಲಿ ಅವಳ ಪಕ್ಕ ನಾನು ಕೂತ್ಕತೀನಿ. ದಾರೀಲಿ ನಾನೇ ಹೇಳ್ತೀನಿ. ಅವಳ್ಗೆ ಹೇಳ್ಬೇಕಾದ್ದು ಇನ್ನೂ ಏನೇನೋ ಐತೆ. ಮದುವೆಣ್ಣು ಅತ್ರೆ ಯಾಕೆ ಅಂತ ಯಾರೂ ಕೇಳಾಕಿಲ್ಲ. ಅತ್ತೆ ಮನೆ ಬಾಗ್ಲು ಬರೋ ಹೊತ್ಗೆ ಅಳು ಮುಗ್ದಿರ್ತದೆ ಅಂತ ನೀನೇ ಅಂತಿದ್ಯಲ್ಲ.'

ಗಂಡ ಸತ್ತವಳು ಧಾರೆಗೆ ಕೂರುವಂತಿಲ್ಲ. ಆ ಶಾಸ್ತ್ರವನ್ನು ನಾನೂ ನನ್ನ ಹೆಂಡತಿಯೂ ಮಾಡುವುದೆಂದು ಹಿರಿಯರು ಆಗಲೇ ತೀರ್ಮಾನಿಸಿದ್ದರು. ಹೆಣ್ಣಿನ ಪಕ್ಕ ಕಾರಿನಲ್ಲಿ ಕೂರುವುದಕ್ಕೂ ಮುತ್ತೈದೆಯೇ ಆಗಬೇಕೆಂದು ಒಂದಿಬ್ಬರು ರಾಗ ಎಳೆದಾಗ ನಾನು ರೇಗಿದೆ. ಕಾರು ನನ್ನದು, ಅದರಲ್ಲಿ ಯಾರು ಕೂರಬೇಕು ಅನ್ನುವುದನ್ನು ನಾನು ಹೇಳುತ್ತೇನೆ ಎಂದೆ. ಮಗಳ ಮದುವೆಯಲ್ಲಿ ಅಕ್ಕನ ಪಾಲಿಗೆ ಅಂತ ಇದ್ದದ್ದು ಆ ಹಿಂದಿನ ಸೀಟು ಒಂದೇ.

ಮದುವೆಗೆ ನಾಲ್ಕಾರು ದಿನ ಇರುವಾಗ ಗಂಡಿನ ದೊಡ್ಡಪ್ಪ ಫೋನು ಮಾಡಿದರು. 'ಬೀಗ್ರೇ, ಕಾರಿನ ಚಿಂತೆ ಬುಡಿ. ಹುಡುಗನ ಫ್ರೆಂಡು ಬೆಂಗಳೂರಿಂದ ಲಕ್ಷುರಿ ಕಾರು ತತ್ತಾವ್ನೆ. ಹೆಣ್ಣು ಅದ್ರಲ್ಲೇ ಬರ್ಲಿ.' ನನಗೆ ಸ್ವಲ್ಪ ಚುರುಕ್ಕೆಂದಿತು. ಆದರೂ ಗಂಡಿನ ಕಡೆಯವರ ಮಾತು, ತೆಗೆದುಹಾಕುವಂತಿಲ್ಲ. 'ಆಗ್ಲಿ ಬುಡಿ, ಆದ್ರೆ ನಮ್ಮಕ್ಕ ಹೆಣ್ಣಿನ ಪಕ್ಕ ಕೂತ್ಕಬೇಕು' ಎಂದೆ. 'ಅದಕ್ಕೇನಂತೆ, ಕೂತ್ಕಳ್ಳಿ' ಎಂದರು. ಲಕ್ಷುರಿ ಎಂದ ಮೇಲೆ ನನ್ನದಕ್ಕಿಂತ ಅಗಲವಾದ ಸೀಟೇ ಇರುತ್ತದೆ, ಅಕ್ಕನ ನೋವಿಗೂ ಒಳ್ಳೆಯದೇ ಆಯಿತು ಎಂದುಕೊಂಡೆ. ಕಾರನ್ನೇ ಅನ್ನ ಮಾಡಿಕೊಂಡ ನಾನು, ಎಷ್ಟು ಸೀಟಿನದು ಎಂದು ಕೇಳಲಿಲ್ಲ. ಕಾರೆಂದ ಮೇಲೆ ಹಿಂದಿನ ಸೀಟು ಇದ್ದೇ ಇರುತ್ತದೆ ಅನ್ನುವುದು ನಮ್ಮ ಲೆಕ್ಕ.

ಮದುವೆ ದಿನ ಛತ್ರದ ಮುಂದೆ ಬಂದು ನಿಂತದ್ದು ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಹೂವಿನವನು ಹಾರ ಎಲ್ಲಿ ಕಟ್ಟಬೇಕೆಂದೇ ತಿಳಿಯದೆ ಸುಮ್ಮನೆ ಮೇಲೆ ಹರಡಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡಪ್ಪನನ್ನು ಪಕ್ಕಕ್ಕೆ ಕರೆದೆ.

'ಲಕ್ಷುರಿ ಕಾರು ಅಂದ್ರಲ್ಲ ಸ್ವಾಮಿ?'

'ಸ್ಪೋರ್ಟ್ಸ್ ಕಾರು ಲಕ್ಷುರಿ ಅಲ್ವೇನ್ರೀ? ಇಡೀ ಮಿರ್ಲೆಗೆ ಇಂಥದ್ದು ಬಂದಿಲ್ಲ ಕಣ್ರೀ.'

'ಹೆಣ್ಣನ್ನ ಒಂಟಿಯಾಗಿ ಕಳ್ಸೋದುಂಟಾ?' ಎಂದು ನನ್ನ ಹೆಂಡತಿಯೂ ಮಧ್ಯೆ ಬಂದಳು. ದೊಡ್ಡಪ್ಪ ಪಾಪ ತಮ್ಮನ ಮಗನ ಮುಖ ನೋಡಿದರು. ಗಂಡು ತಲೆ ತಗ್ಗಿಸಿಕೊಂಡು, 'ಬೇಜಾರ್ ಮಾಡ್ಕೋಬೇಡಿ ಮಾವ, ಇದರಲ್ಲೇ ಹೋಗ್ತೀವಿ' ಎಂದ. ಹುಡುಗಿ ಮೆಹೆಂದಿ ಹಾಕಿದ ಕೈಯನ್ನೇ ನೋಡಿಕೊಂಡು ನಿಂತಿದ್ದಳು. ಮದುವೆ ಮನೆಯಲ್ಲಿ ಜಗಳ ಬೇಡವೆಂದು ಅಕ್ಕ ಕಂಬದ ಹಿಂದಿನಿಂದಲೇ ನನಗೆ ಕೈಸನ್ನೆ ಮಾಡಿದಳು. ಆ ಕಾರಿಗೆ ಹತ್ತುವುದಿಲ್ಲ, ಇಳಿಯಬೇಕು. ಸೀರೆ ಹಿಡಿದು, ತಲೆ ಬಗ್ಗಿಸಿ, ಬಾವಿಯೊಳಕ್ಕೆ ಇಳಿಸಿದ ಹಾಗೆ ಹುಡುಗಿಯನ್ನು ಇಳಿಸಿ ಬಾಗಿಲು ಹಾಕಿದೆ.

ಅದರ ಹಿಂದೆ ನನ್ನ ಬಿಳಿ ಕಾರು. ಹಿಂದಿನ ಸೀಟಿನಲ್ಲಿ ಅಕ್ಕ, ನನ್ನ ಹೆಂಡತಿ. ಮುಂದೆ ನನ್ನ ಪಕ್ಕದಲ್ಲಿ ಆ ಕೆಂಪು ಕಾರಿನ ಯಜಮಾನ, ಬೆಂಗಳೂರಿನ ಹುಡುಗ. ತನ್ನ ಕಾರನ್ನು ಓಡಿಸಲು ಮದುಮಗನ ಕೈಗೆ ಕೊಟ್ಟ ಸಂಕಟಕ್ಕೋ ಏನೋ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ.

'ನಿಮ್ಮ ಗಾಡಿ ಚೆನ್ನಾಗಿ ಇಟ್ಕೊಂಡಿದೀರ ಅಂಕಲ್. ಆದ್ರೆ ಇದನ್ನ ಈಗ ಯಾರೂ ಲಕ್ಷುರಿ ಅನ್ನಲ್ಲ.'

'ನಿಮ್ದು ಲಕ್ಷುರಿನಾ? ಅದು ಸ್ಪೋರ್ಟ್ಸು ಅಂದ್ರು.'

'ಎರಡೂ ಹೌದು ಅಂಕಲ್. ಓಟಕ್ಕೆ ಸ್ಪೋರ್ಟ್ಸು. ಒಳಗೆ ಕೂತು ನೋಡಿ, ಸೀಟು, ಸ್ಟೀರಿಂಗು ಎಲ್ಲಾ ಕೈಯಲ್ಲಿ ಹೊಲಿದಿರೋ ಲೆದರು. ರೇಸಿಗೆ ಮಾತ್ರ ಅಂತ ಮಾಡಿರೋ ಸ್ಪೋರ್ಟ್ಸ್ ಕಾರಲ್ಲಿ ಏಸಿನೂ ಇರಲ್ಲ, ಅದು ಲಕ್ಷುರಿ ಅಲ್ಲ, ಒಪ್ಕೋತೀನಿ. ಇದು ಹಾಗಲ್ಲ.'

'ಹಿಂದೆ ಕೂರೋರಿಗೆ?'

'ಹಿಂದೆ ಯಾಕೆ ಬೇಕು ಅಂಕಲ್? ಅದು ಇರೋದೇ ಇಬ್ಬರಿಗೆ.'

ಬಾಯಿಗೆ ಬಂದದ್ದು ಹೇಳಿಬಿಡುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಅಕ್ಕ, 'ಮಗ ಸರಿಯಾಗೇ ಹೇಳ್ತದೆ, ಬುಡ್ಲಾ' ಎಂದಳು. ಕನ್ನಡಿಯಲ್ಲಿ ನೋಡಬಾರದು ಅಂದುಕೊಂಡರೂ ನೋಡಿದೆ. ಸೀಟಿನ ಮೂಲೆಗೆ ಒರಗಿ, ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಮುಂದೆ ಹೋಗುತ್ತಿದ್ದ ಕೆಂಪು ಕಾರನ್ನೇ ನೋಡುತ್ತಿದ್ದಳು.

ಚುಂಚನಕಟ್ಟೆಗೆ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಹಳ್ಳಿಯಲ್ಲಿ ಹೊಸದಾಗಿ ಹಾಕಿದ ದೊಡ್ಡ ಹಂಪ್ ಬಂತು. ಕೆಂಪು ಕಾರಿನ ಹೊಟ್ಟೆ ಕರ್ ಎಂದು ಉಜ್ಜಿತು. ನನ್ನ ಪಕ್ಕದ ಹುಡುಗ ತನ್ನ ಚರ್ಮವೇ ಸುಲಿದ ಹಾಗೆ ಚೀರಿ, ನಾನು ನಿಲ್ಲಿಸುವ ಮೊದಲೇ ಇಳಿದು ಓಡಿದ. ಭಾರ ಕಡಿಮೆಯಾಗಲಿ ಎಂದು ಹುಡುಗಿಯನ್ನೂ ಕೆಳಗಿಳಿಸಿದರು. ಬಾಸಿಂಗ ಕಟ್ಟಿಕೊಂಡ ಮದುವೆ ಹೆಣ್ಣು, ಗದ್ದೆಯ ಪಕ್ಕದ ರಸ್ತೆಯಲ್ಲಿ ಒಬ್ಬಳೇ ನಿಂತಿದ್ದಳು.

'ಬಾಗ್ಲು ತಗೀಲಾ' ಎಂದಳು ಅಕ್ಕ. ಬೆಳಗಿನಿಂದ ಒಂದು ಲೋಟ ಮಜ್ಜಿಗೆ ಬಿಟ್ಟು ಏನೂ ಸೇರಿರಲಿಲ್ಲ ಅವಳಿಗೆ. ಆದರೂ ಸರಸರ ಇಳಿದು, ಕಾರಿನ ಮೈ ಹಿಡಿದುಕೊಂಡು ಮುಂದೆ ಹೆಜ್ಜೆ ಹಾಕಿದಳು. 'ಮಗಾ' ಎಂದು ಕೂಗಿದಳು. ಹುಡುಗಿ ತಿರುಗಿ ನೋಡಿದಳು. ಕೆಂಪು ಕಾರು ಹಂಪಿನ ಆಚೆಗೆ ಆಗಷ್ಟೇ ದಾಟಿತ್ತು. ಅವಳು ಸೀರೆ ಎತ್ತಿ ಹಿಡಿದುಕೊಂಡು ಓಡಿದಂತೆ ಹೋಗಿ, ತಾನೇ ಬಾಗಿಲು ತೆಗೆದು ಕೂತು, ಎಳೆದುಕೊಂಡಳು. ಅಕ್ಕ ಅಲ್ಲೇ ನಿಂತಳು.

ವಾಪಸು ಬಂದು ಕೂತವಳು, 'ಬಿಸ್ಲು ನೋಡು. ಮದುವೆಣ್ಣು ಬಿಸ್ಲಲ್ಲಿ ನಿಂತ್ಕಬಾರ್ದು' ಎಂದಳು. ಒಳಗೊಳಗೇ ಹುಡುಗಿಯನ್ನು ಬೈದುಕೊಂಡೆ. ಕೆಂಪು ಕಾರಿನಲ್ಲಿ ಕೂತ ಕೂಡಲೇ ಹೆತ್ತವಳ ಮುಖ ನೋಡುವಷ್ಟೂ ಪುರುಸೊತ್ತಿಲ್ಲವಾಯಿತೇ ಎಂದು. ಬೆಂಗಳೂರಿನ ಹುಡುಗ ಕಾರಿನ ತಳಕ್ಕೆ ಏನಾಯಿತೋ ಎಂದು ಮಿರ್ಲೆಯವರೆಗೂ ಒದ್ದಾಡಿದ.

ಮಿರ್ಲೆಯಲ್ಲಿ ಜನವೋ ಜನ. ಮನೆ ತುಂಬಿಸುವಾಗ ಅಕ್ಕ ಅಂಗಳದ ತುದಿಯಲ್ಲೇ ಉಳಿದಳು. ಊಟ ಮುಗಿಯುತ್ತಲೇ ನಾವು ಹೊರಟೆವು. 'ಆಷಾಢಕ್ಕೆ ತವರಿಗೆ ಬತ್ತಾಳಲ್ಲ, ಒಂದು ತಿಂಗ್ಳು ಇರ್ತಾಳೆ. ನಿಧಾನಕ್ಕೆ ಹೇಳ್ತೀನಿ' ಎಂದಳು ದಾರಿಯಲ್ಲಿ. ಮಧ್ಯೆ ಒಂದೆರಡು ಸಲ ಮಗಳು, ಅಳಿಯ ಬಂದುಹೋದರು. ಆಗೆಲ್ಲ ಜೊತೆಗೆ ನೆಂಟರಿದ್ದರು. ಜ್ಯೇಷ್ಠ ಮುಗಿಯಲಿಕ್ಕೆ ಇನ್ನೂ ವಾರವಿರುವಾಗ ಅಕ್ಕನಿಗೆ ಇದ್ದಕ್ಕಿದ್ದಂತೆ ಹೆಚ್ಚಾಯಿತು. ಮಗಳು ಆಸ್ಪತ್ರೆಗೆ ಬಂದಾಗ ಅಕ್ಕನಿಗೆ ಎಚ್ಚರವಿರಲಿಲ್ಲ. ಮತ್ತೆ ಬರಲೂ ಇಲ್ಲ.

ತಾಯಿ ಇಲ್ಲದಿದ್ದರೂ ಪದ್ಧತಿ ಪದ್ಧತಿಯೇ. ಆಷಾಢಕ್ಕೆ ನಾನೇ ಹೋಗಿ ಅವಳನ್ನು ಕರೆದುಕೊಂಡು ಬಂದೆ. ಆಷಾಢದಲ್ಲಿ ಮದುವೆಗಳಿಲ್ಲ, ಕಾರಿಗೂ ಕೆಲಸವಿಲ್ಲ. ಒಂದು ಮಧ್ಯಾಹ್ನ ಬಾಗಿಲ ಮುಂದೆ ಕಾರು ತೊಳೆಯುತ್ತಿದ್ದೆ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ತಡೆಯಲಾಗದೆ ನಾನು ಬೈಯಲು ಶುರು ಮಾಡಿದೆ. ಆ ಕೆಂಪು ಕಾರನ್ನು, ಅದರ ಹುಡುಗನನ್ನು, ಅವಳ ಗಂಡನ ದೊಡ್ಡಪ್ಪನನ್ನು. ಶೋಕಿಗೋಸ್ಕರ ನಿನ್ನ ಅವ್ವನಿಗೆ ಒಂದು ಗಳಿಗೆ ನಿನ್ನ ಪಕ್ಕ ಕೂರಲು ಬಿಡಲಿಲ್ಲ ಎಂದೆ.

'ಅವ್ರನ್ನ ಬಯ್ಬ್ಯಾಡ ಮಾವ' ಎಂದಳು. 'ಆ ಕಾರು ತರ್ಸು ಅಂದವಳು ನಾನು.'

ನನ್ನ ಕೈಯ ಬಟ್ಟೆಯಿಂದ ನೀರು ಸೋರುತ್ತಿತ್ತು.

'ಮೈಸೂರಿಂದ ಬಂದು ನೀವಿಬ್ರೂ ಕಾರಲ್ಲೇ ಕೂತು ಮಾತಾಡುದ್ರಲ್ಲ, ಆಗ ಇಲ್ಲೇ ಬಾಗ್ಲ ಹಿಂದೆ ನಿಂತಿದ್ದೆ. ಕಾರಿನ ಕಿಟಕಿ ತೆಗ್ದಿತ್ತು. ಅವ್ವಂಗೆ ಏನಾಗೈತೆ ಅಂತ್ಲೂ ತಿಳೀತು. ಅವ್ವ ದಾರೀಲಿ ಹೇಳ್ತೀನಿ ಅಂದಿದ್ದೂ ಕೇಳುಸ್ತು. ಅವ್ವ ಬಾಯ್ಬುಟ್ಟು ಹೇಳುದ್ರೆ ನಾನು ಅರ್ಧ ದಾರೀಲೇ ಇಳ್ದು ವಾಪಸು ಬಂದ್ಬುಡ್ತಿದ್ದೆ ಮಾವ. ಅದಕ್ಕೇ ಇವ್ರ ಹತ್ರ, ಇಬ್ರೇ ಕೂರೋ ಕಾರು ತನ್ನಿ ಅಂತ ಹಟ ಮಾಡ್ದೆ. ಯಾಕೆ ಅಂತ ಅವ್ರಿಗೂ ಹೇಳ್ಳಿಲ್ಲ. ಅವ್ವ ಹೇಳೋಗಂಟ ಅದು ನಿಜ ಅಲ್ಲ ಅನ್ಸಿತ್ತು.'

ಇಷ್ಟು ದಿನ ಯಾರ್ಯಾರ ಮೇಲೋ ಇಟ್ಟುಕೊಂಡಿದ್ದ ಸಿಟ್ಟು ಈಗ ಇಡಲು ಜಾಗವಿಲ್ಲದೆ ನನ್ನಲ್ಲೇ ನಿಂತಿತು. ಅವಳ ತಲೆ ಸವರಬೇಕು ಅನ್ನಿಸಿತು. ಕೈ ಒದ್ದೆಯಾಗಿತ್ತು, ಪಂಚೆಗೆ ಒರೆಸಿಕೊಂಡು ಪಕ್ಕದಲ್ಲಿ ಕೂತೆ.

ಆಗ ಅವಳು ಕೇಳಿದಳು, 'ಇನ್ನೂ ಏನೇನೋ ಹೇಳ್ಬೇಕು ಅಂದಿತ್ತಲ್ಲ ಅವ್ವ. ಏನಂತ ನಿನ್ಗೇನಾದ್ರೂ ಹೇಳ್ತಾ ಮಾವ?'

'ಇಲ್ಲ ಕಣವ್ವ' ಎಂದೆ. ಅದು ಸುಳ್ಳಾಗಿರಲಿಲ್ಲ. ನಾನು ಅಕ್ಕನನ್ನು ಕೇಳಿರಲಿಲ್ಲ, ತಾಯಿ ಮಗಳಿಗೆ ಹೇಳುವ ಮಾತು ನನಗ್ಯಾಕೆ ಅಂತ.