ಚೀಫ್ ಸಾಹೇಬರ ಕೈಸನ್ನೆ

ಗ್ಯಾಸ್ ಸಾಗಿಸುವ ಹಡಗಿನ ಚೀಫ್ ಇಂಜಿನಿಯರ್ ಸಾಹೇಬರು ಮನೆಯಲ್ಲಿ ಬಾಯಿ ಬಿಡುವುದೇ ಅಪರೂಪ. ಊಟ ಸಾಕಾದರೆ ಅಂಗೈ ಎತ್ತುತ್ತಾರೆ. ಫ್ಯಾನ್ ನಿಲ್ಲಿಸಬೇಕಾದರೆ ಕತ್ತಿನ ಮೇಲೆ ಬೆರಳೆಳೆಯುತ್ತಾರೆ. ಅದನ್ನು ಮೊದಲ ಸಲ ಕಂಡ ಅವರ ಅತ್ತೆ, ಅಳಿಯ ಯಾರ ಕುತ್ತಿಗೆ ಕೊಯ್ಯಲು ಹೊರಟನೋ ಎಂದು ಹೌಹಾರಿದ್ದರು.

ಹೆಂಡತಿ ಇದನ್ನೆಲ್ಲ ಸಹಿಸಿಕೊಂಡಿದ್ದು ಒಂದೇ ಒಂದು ಸನ್ನೆಗಾಗಿ. ಹಡಗಿಗೆ ಹೊರಡುವಾಗ ಅವರು ಬಾಗಿಲಲ್ಲಿ ನಿಂತು ಎದೆ ಮುಟ್ಟಿ, ಆ ಕೈಯನ್ನು ಅವಳತ್ತ ಚಾಚುತ್ತಿದ್ದರು. ತುಟಿಪಿಟಕ್ಕೆನ್ನದ ಗಂಡ ಅಷ್ಟಾದರೂ ಹೇಳಿದರಲ್ಲ ಎಂದು ಅವಳು ತಿಂಗಳುಗಟ್ಟಲೆ ಅದನ್ನೇ ನೆನೆದು ಕಾಲ ಕಳೆಯುತ್ತಿದ್ದಳು.

ಈ ಸಲ ಅವಳೂ ಜೊತೆಗೆ ಹೋಗಲು ಕಂಪನಿ ಒಪ್ಪಿಗೆ ಕೊಟ್ಟಿತು. ಹಡಗಿನ ಮೊದಲ ಊಟದಲ್ಲೇ ಅವಳು ಕಂಡದ್ದೇನು? ಗಂಡ ಮಾತಾಡುತ್ತಿದ್ದಾರೆ! ಅದೂ ಎದುರು ಕುಳಿತ ಸೆಕೆಂಡ್ ಇಂಜಿನಿಯರ್ ಹುಡುಗಿಯ ಜೊತೆ. ಕಂಪ್ರೆಸರ್ ಬಗ್ಗೆ ಅವರಿಬ್ಬರ ಮಾತು, ಹೊಸದಾಗಿ ಮದುವೆಯಾದವರು ಮನೆ ಕಟ್ಟಿಸುವ ಮಾತಾಡಿದ ಹಾಗಿತ್ತು. ಬೆಂಕಿಕಡ್ಡಿಯನ್ನೂ ಒಳಗೆ ಬಿಡದ ಹಡಗಿನಲ್ಲಿ ಅವಳ ಹೊಟ್ಟೆಗೆ ಬೆಂಕಿ ಬಿತ್ತು.

"ರೀ, ನಿಮಗೆ ಇಷ್ಟೊಂದು ಮಾತು ಬರುತ್ತಾ?"

"ಕೆಲಸದ ಮಾತು ಕಣೇ."

"ಮನೇಲಿ ಕೆಲಸ ಇಲ್ವಾ ಹಾಗಾದ್ರೆ?"

ಸಾಹೇಬರು ಅಂಗೈ ಎತ್ತಿದರು.

ಮರುದಿನ ಅವಳು ಹಟ ಹಿಡಿದು ಎಂಜಿನ್ ರೂಮಿಗೆ ಇಳಿದಳು. ಟ್ಯಾಂಕಿನಲ್ಲಿ ತಣ್ಣಗೆ ದ್ರವವಾಗಿಸಿಟ್ಟ ಗ್ಯಾಸ್ ಒಂದಿಷ್ಟು ಆವಿಯಾಗುತ್ತಲೇ ಇರುತ್ತದೆ. ಆ ಆವಿಯನ್ನು ಕಂಪ್ರೆಸರ್ ಎಂಜಿನ್ನಿಗೆ ಉಣಿಸಬೇಕು, ಇಲ್ಲದಿದ್ದರೆ ಟ್ಯಾಂಕಿನಲ್ಲಿ ಒತ್ತಡ ಏರುತ್ತದೆ. ಏನೇ ಹೆಚ್ಚುಕಮ್ಮಿಯಾದರೂ ಚೀಫ್ ತಲೆಗೇ ಬರುವುದು. ಕಿವಿ ಮುಚ್ಚಿಕೊಂಡೇ ನಿಲ್ಲಬೇಕಾದ ಆ ಗದ್ದಲದಲ್ಲಿ ಮಾತಿಗೆ ಜಾಗವಿಲ್ಲ. ಸಾಹೇಬರು ಬೆರಳೆತ್ತಿದರೆ ಆ ಸೆಕೆಂಡ್ ಹುಡುಗಿ ವಾಲ್ವ್ ತಿರುಗಿಸುತ್ತಿದ್ದಳು. ಅವಳು ಅಂಗೈ ಮಗುಚಿದರೆ ಇವರು ತಲೆಯಾಡಿಸುತ್ತಿದ್ದರು. ತನ್ನ ಮನೆಯ ಭಾಷೆಯನ್ನು ಬೇರೊಬ್ಬಳು ತನಗಿಂತ ಸಲೀಸಾಗಿ ಆಡುವುದನ್ನು ನೋಡಿ ಹೆಂಡತಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಕ್ಯಾಪ್ಟನ್ನಿಂದ ಕರೆ ಬಂತು. ಸಾಹೇಬರು ಎದೆ ಮುಟ್ಟಿ, ಕೈಯನ್ನು ಆ ಹುಡುಗಿಯತ್ತ ಚಾಚಿ ಮೆಟ್ಟಿಲೇರಿದರು. ಮನೆಯ ಬಾಗಿಲಲ್ಲಿ ಮಾಡುತ್ತಿದ್ದ ಅದೇ ಸನ್ನೆ!

ಹುಡುಗಿಯ ಜೊತೆ ಕಂಟ್ರೋಲ್ ರೂಮಿನೊಳಗೆ ಬಂದು ಬಾಗಿಲು ಹಾಕಿಕೊಂಡದ್ದೇ ತಡ, ಹೆಂಡತಿ ಕೇಳಿಯೇಬಿಟ್ಟಳು. "ಅವರು ಈಗ ಮಾಡಿದ್ರಲ್ಲ, ಅದೇನಮ್ಮ?"

"ಅದಾ ಮೇಡಂ? 'ನಾನು ಹೊರಟೆ, ಇನ್ನು ಎಲ್ಲಾ ನಿನ್ನ ಮೇಲೆ' ಅಂತ." ಹುಡುಗಿಯ ಮುಖ ಅರಳಿತು. "ಎಲ್ರಿಗೂ ಮಾಡಲ್ಲ ಅವರು. ಹಿಂದಿದ್ದ ಸೆಕೆಂಡ್ ಇಂಜಿನಿಯರ್‌ನ ನಂಬಿ ಊಟಕ್ಕೂ ಹೋಗ್ತಿರ್ಲಿಲ್ವಂತೆ. ವರ್ಷಗಟ್ಟಲೆ ಒದ್ದಾಡಿದ ಮೇಲೆ ನನಗೆ ಸಿಕ್ಕಿದ್ದು. ಈ ಹಡಗಲ್ಲಿ ನನಗೊಬ್ಬಳಿಗೇ."

ಹೆಂಡತಿ ಇಷ್ಟು ದಿನ ಪ್ರೀತಿ ಎಂದುಕೊಂಡದ್ದು ಡ್ಯೂಟಿ ಒಪ್ಪಿಸುವ ಸನ್ನೆಯೇ? ಮಗನ ಜ್ವರ, ಮಾವನ ಆಪರೇಷನ್, ಸೋರುವ ಛಾವಣಿ ಎಲ್ಲವನ್ನೂ ತನ್ನ ಮೇಲೆ ಬಿಟ್ಟು, ಒಮ್ಮೆಯೂ ಹಿಂತಿರುಗಿ ನೋಡದೆ ಟ್ಯಾಕ್ಸಿ ಹತ್ತುತ್ತಿದ್ದ ಗಂಡ ಕಣ್ಮುಂದೆ ಬಂದರು. ಅಂಥ ಮನುಷ್ಯ ಇಲ್ಲಿ ಇನ್ನೊಬ್ಬರನ್ನು ನಂಬಿ ಊಟಕ್ಕೆ ಎದ್ದು ಹೋಗಲೂ ಯೋಚಿಸುವವರಂತೆ!

"ಮದುವೆಯಾಗಿ ಮೊದಲ ಸಲ ಹಡಗಿಗೆ ಹೊರಟಾಗಲೇ ನನಗೆ ಅದನ್ನ ಮಾಡಿದ್ರು," ಎಂದಳು.

"ಮೊದಲ ಸಲಾನೇ?"

ಹುಡುಗಿಯ ನಗು ಬತ್ತಿತು. ಏನೂ ಆಗದವಳಂತೆ ಮೀಟರಿನತ್ತ ತಿರುಗಿ, ಆಗಲೇ ನೋಡಿದ್ದ ಅಂಕಿಯನ್ನೇ ಮತ್ತೆ ನೋಡತೊಡಗಿದಳು. ಆ ಮುಖ ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು. ನಿನ್ನೆಯಿಂದ ಕ್ಯಾಬಿನ್ನಿನ ಕನ್ನಡಿಯಲ್ಲಿ ಅವಳು ನೋಡುತ್ತಿದ್ದದ್ದು ಅದನ್ನೇ.