ಔಡಲ ಗಿಡಕ್ಕೆ ಬಂದ ಬೀಗರು

ನಮ್ಮ ಅತ್ತೆಗೆ ಅಂಗಡಿಯ ಹರಳೆಣ್ಣೆ ಕಂಡರೆ ಆಗದು. ನಾದಿನಿ ಚೊಚ್ಚಲ ಬಸುರಿ ಎಂಬ ಸುದ್ದಿ ಬಂದದ್ದೇ ತಡ, ಹರಪನಹಳ್ಳಿಯ ನಮ್ಮ ಹಿತ್ತಲಲ್ಲಿ ಔಡಲ ಬೀಜ ಊರಿದರು. ಕೂಸಿನ ನೆತ್ತಿಗೆ ಹಚ್ಚುವ ಎಣ್ಣೆ ಮನೆಯ ಗಿಡದ್ದೇ ಆಗಬೇಕು, ಅವರ ಕೈಯಿಂದಲೇ ಹುರಿದು, ಕುಟ್ಟಿ, ಕುದಿಸಿ ತೆಗೆದದ್ದಾಗಬೇಕು. ಚಿಗಟೇರಿಯ ಅವರ ತವರಲ್ಲಿ ಹಾಗೇ ನಡೆದು ಬಂದಿದೆಯಂತೆ.

ಗಿಡ ನನ್ನ ಎತ್ತರ ಮೀರಿ ಗೊಂಚಲು ಬಿಟ್ಟಿತು. ಆಗ ಬಂದವು ನೋಡಿ ಹುಳಗಳು. ಹಸಿರು ಮೈ, ಬೆನ್ನಿಗೊಂದು ಬಿಳಿಗೆರೆ, ಸುತ್ತಲೂ ಮುಳ್ಳು. ಎಲೆಗಳು ಜರಡಿಯಾಗತೊಡಗಿದವು.

"ಬಂದ್ರು ನೋಡವ್ವಾ ನಿನ್ನ ತವರಿನೋರು!" ಎಂದರು ಅತ್ತೆ. ಕೊಟ್ಟೂರಿನಿಂದ ನನ್ನ ಅಣ್ಣಂದಿರು ಬಂದಾಗಲೆಲ್ಲ ರೊಟ್ಟಿ ಬುಟ್ಟಿ ಖಾಲಿಯಾಗುವುದು ನಿಜವೇ. ಆದರೂ ನನಗೆ ಸಿಟ್ಟು ಬಂತು.

ಅವರು ಬೇವಿನ ಕಷಾಯ ಕಾಸಿ ತಂದರು. ನಾನು ಗಿಡಕ್ಕೆ ಅಡ್ಡ ನಿಂತೆ. ಈ ಹುಳ ಮುಂದೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಇಟ್ಟಿಗೆ ಬಣ್ಣದ ಚಿಟ್ಟೆ. ಕಂದು, ಕಿತ್ತಳೆ ಕಲೆಸಿದ ರೆಕ್ಕೆಯ ಮೇಲೆ ಕೌದಿಗೆ ಹಾಕಿದ ಹೊಲಿಗೆಯಂತೆ ಸಾಲು ಸಾಲು ಕಪ್ಪು ಗೆರೆ. ಒಂದಿಷ್ಟು ರೆಕ್ಕೆ ಬಡಿದು ಆಮೇಲೆ ಸುಮ್ಮನೆ ತೇಲುತ್ತದೆ. ಔಡಲವಿದ್ದ ಜಾಗ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಇದರ ಬಳಗ ಶ್ರೀಲಂಕಾದಿಂದ ಮಲೇಷ್ಯಾದವರೆಗೂ ಇದೆ ಎಂದು ಉತ್ಸಾಹದಿಂದ ಹೇಳಿದೆ.

"ಅಷ್ಟು ದೊಡ್ಡ ಬಳಗ ಇಟಗೊಂಡು ನಮ್ಮ ಗಿಡಾನ ಬೇಕಾತೇನು? ಎಲಿ ಹೋದ್ರ ಕಾಯಿ ತುಂಬತಾವೇನು? ಕೂಸಿನ ನೆತ್ತಿಗೆ ನಿನ್ನ ಚಿಟ್ಟಿ ಹಚ್ಚಲೇನು?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕೊನೆಗೆ ರಾಜಿಯಾಯಿತು: ಗೊಂಚಲಿದ್ದ ಕೊಂಬೆಗಳು ಅವರಿಗೆ, ಬುಡದ ಚಿಗುರು ಹುಳಕ್ಕೆ. ಅಂದಿನಿಂದ ಆಫೀಸಿಗೆ ಹೊರಡುವ ಮುಂಚೆ ನನಗೊಂದು ಹೊಸ ಕೆಲಸ. ಮೇಲೆ ಹತ್ತಿದ ಹುಳಗಳನ್ನು ಎಲೆ ಸಮೇತ ಕೆಳಗಿಳಿಸುವುದು. ಸಂಜೆ ಬರುವಷ್ಟರಲ್ಲಿ ಮತ್ತೆ ಮೇಲೆ! ದಿನ ತುಂಬಿ ಹೆರಿಗೆಗೆ ಬಂದಿದ್ದ ನಾದಿನಿ ಹಿತ್ತಲ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. ಗಿಡ ಅರ್ಧ ಬೋಳಾಯಿತು. ಕಾಯಿ ಮಾತ್ರ, ಅತ್ತೆಯ ಪುಣ್ಯವೋ ನನ್ನ ಬೆನ್ನುನೋವಿನ ಫಲವೋ, ಗಟ್ಟಿಯಾಗಿ ತುಂಬಿದವು.

ಗೊಂಚಲು ಕೊಯ್ದು ಅಂಗಳದಲ್ಲಿ ಒಣಹಾಕಿದರು. ಬಿಸಿಲಿಗೆ ಔಡಲದ ಕಾಯಿ ಚಟಚಟ ಸಿಡಿದು ಬೀಜ ಓಣಿಯವರೆಗೂ ಹಾರುತ್ತದೆ. ಅದಕ್ಕೆ ಅತ್ತೆ ತಮ್ಮ ಹಳೇ ಸೀರೆಯೊಂದನ್ನು ಮೇಲೆ ಹೊದಿಸಿದರು. ದಂಟಿಗೆ ಅಲ್ಲಲ್ಲಿ ಒಣ ಎಲೆಯ ಚೂರು ಅಂಟಿಕೊಂಡಿತ್ತು. ನಾವಿಬ್ಬರೂ ಕಸವೆಂದು ಬಿಟ್ಟಿದ್ದೆವು.

ಬಡಿಯುವ ದಿನ ಬೆಳಿಗ್ಗೆ ಒಲೆ ಹೊತ್ತಿಸಿ, ಹಂಚು ಇಟ್ಟು, ಅತ್ತೆ ಕೋಲು ಹಿಡಿದು ಅಂಗಳಕ್ಕೆ ಹೋದರು. ಎಷ್ಟು ಹೊತ್ತಾದರೂ ಬಡಿಯುವ ಸದ್ದಿಲ್ಲ. ಗಾಬರಿಯಾಗಿ ಹೊರಗೆ ಓಡಿದೆ.

ಅವರು ಒಂದು ಕೈಯಲ್ಲಿ ಹೊದಿಸಿದ್ದ ಸೀರೆಯ ಅಂಚೆತ್ತಿ ಹಿಡಿದು ಬಗ್ಗಿ ನಿಂತಿದ್ದರು. ಕೋಲು ನೆಲದ ಮೇಲಿತ್ತು. ಒಣ ಎಲೆಯ ಚೂರೆಂದುಕೊಂಡಿದ್ದ ಹುಳದ ಗೂಡುಗಳು ಬಾಯಿ ಬಿಟ್ಟಿದ್ದವು. ದಂಟಿಗೆ ಜೋತುಬಿದ್ದು ಇಟ್ಟಿಗೆ ಬಣ್ಣದ ಹಸಿ ರೆಕ್ಕೆಗಳು ಬಿಸಿಲು ಕಾಯಿಸುತ್ತಿದ್ದವು.

"ಒಲಿ ಆರಿಸವ್ವಾ," ಎಂದರು ಮೆಲ್ಲಗೆ. "ಎಣ್ಣಿ ನಾಳಿ ತಗದ್ರಾತು. ಬೀಗರು ಈಗಷ್ಟ ಎದ್ದಾರ."

ನಾನು ಈ ಮನೆಗೆ ಬಂದ ಮೇಲೆ ನನ್ನ ತವರಿನವರಿಗೆ ಅವರು ಕೊಟ್ಟ ಮೊದಲ ಮರ್ಯಾದೆ ಅದು. ಖುಷಿಗೆ ಕಣ್ಣು ತುಂಬಿ ಬಂತು, ಓಡಿಹೋಗಿ ಒಲೆ ಆರಿಸಿದೆ.